ರೂಥ್ ಎಂಬ ಪದ ಮತ್ತು ತಡವಾದ ಬುತ್ತಿ

ನನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಸ್ವಲ್ಪ ಮಂಜು, ಕಿವಿ ಚೆನ್ನಾಗಿದೆ. ಅವಳು ಇರದಿದ್ದರೆ ನಾನು ಈ ತಪ್ಪನ್ನು ಯಾರ ಮುಂದೆ ಒಪ್ಪಿಕೊಳ್ಳುತ್ತಿದ್ದೆ? ಅವಳನ್ನು ಇಷ್ಟು ವರ್ಷ ಉಳಿಸಿದ ದೇವರಿಗೆ ಮೊದಲು ಕೈಮುಗಿದು ಉಳಿದದ್ದನ್ನು ಬರೆಯುತ್ತೇನೆ.

ನಾನು ಶಹಾಬಾದಿನವನು. ಚಿತ್ತಾಪುರದಲ್ಲಿ ಮೆಟ್ರಿಕ್ ಪಾಸಾಗಿ, ಮುಂದೆ ಓದಲಾಗದೆ ಫರ್ಸಿ ಕಲ್ಲಿನ ಅಡ್ಡೆ ಸೇರಿದೆ. ಗಣಿಯಿಂದ ಬಂದ ಹಾಸುಗಲ್ಲುಗಳನ್ನು ಅಳೆದು, ಎಲ್ಲಿ ಕತ್ತರಿಸಬೇಕೋ ಅಲ್ಲಿ ಬಳಪದಿಂದ ಗೆರೆ ಎಳೆಯುವುದು ನನ್ನ ಕೆಲಸ. ಅಕ್ಕನನ್ನು ಚಿಂಚೋಳಿ ತಾಲ್ಲೂಕಿನ ಸುಲೇಪೇಟಕ್ಕೆ ಕೊಟ್ಟಿದ್ದರು. ಅವಳ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಒಕ್ಕಲುತನದ ಮನುಷ್ಯ, ದೊಡ್ಡ ದನಿ, ಯಾರನ್ನಾದರೂ ಕಾಡದೆ ಊಟ ಇಳಿಯುತ್ತಿರಲಿಲ್ಲ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಎದ್ದು ನಿಂತು ಕೂಗಿದರು:

“ನಮ್ಮ ಮೆಟ್ರಿಕ್ ಸಾಹೇಬ್ರಿಗಿ ಇನ್ನೊಂದು ಹೋಳಿಗಿ ನೀಡ್ರಿ! ಹತ್ತು ವರ್ಷ ಸಾಲಿ ಕಲ್ತು ಕಲ್ಲಿಗಿ ಬಳಪ ಹಚ್ಚಲಿಕತ್ತಾರ, ಭಾಳ ದಣದಾರ!”

ಇಡೀ ಪಂಕ್ತಿ ನಕ್ಕಿತು. ನನ್ನ ಹೊಸ ಹೆಂಡತಿಯೂ ಸೆರಗಿನ ಮರೆಯಲ್ಲಿ ನಕ್ಕಳು. ನಾನು ಮಾತ್ರ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆ.

ನಾಲ್ಕು ವರ್ಷಗಳ ನಂತರ ಒಂದು ಬೆಳಿಗ್ಗೆ, ಆಗಷ್ಟೇ ಅಡ್ಡೆಯ ಬಾಗಿಲು ತೆರೆದಿದ್ದೆ, ಸುಲೇಪೇಟದ ಕಡೆಯ ಒಬ್ಬ ಮನುಷ್ಯ ಬಂದು ನಿಂತ. ಸಾವಿನ ಸುದ್ದಿ ತಂದವರು ಕೂರುವುದಿಲ್ಲ.

“ನಿಮ್ಮ ಮಾವ ಎದಿ ನೋವು ಬಂದು ತೀರ್ಕೊಂಡಾರ್ರಿ. ಸಂಜಿಕ ಮಣ್ಣು. ಲಗು ಹೊಂಡ್ರಿ,” ಎಂದು ನೀರು ಕುಡಿದು ಹೋದ.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲಿ ಹೂಳುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡಬೇಕು. ಆ ದಿನ ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಮೊದಲ ರೊಟ್ಟಿ ತವರಿನಿಂದ ಬರಬೇಕು, ಅಣ್ಣನೋ ತಮ್ಮನೋ ಬುತ್ತಿ ತಂದು ಎದುರಿಗೆ ಕುಳಿತು ಉಣ್ಣಿಸಬೇಕು. ಅಪ್ಪ, ಅವ್ವ ಆಗಲೇ ಹೋಗಿದ್ದರು. ಅಕ್ಕನಿಗೆ ತವರೆಂದರೆ ನಾನೊಬ್ಬನೇ.

ನಾನು ಹೋಗಲಿಲ್ಲ. ಹೆಂಡತಿ ಬಾಣಂತನಕ್ಕೆ ತನ್ನ ತವರಿಗೆ ಹೋಗಿದ್ದಳು, ಹೊರಡು ಎನ್ನುವವರು ಯಾರೂ ಇರಲಿಲ್ಲ. ಸಂಜೆಯವರೆಗೆ ಕಲ್ಲಿಗೆ ಗೆರೆ ಎಳೆಯುತ್ತಿದ್ದೆ. ಮೆಟ್ರಿಕ್ ಸಾಹೇಬ ಇಲ್ಲದೆಯೂ ಅವರ ಮಣ್ಣು ಆಗುತ್ತದೆ ಎಂದು ಒಂದು ಸಲ ಗಟ್ಟಿಯಾಗಿಯೇ ಅಂದೆ.

ಮೂರನೆಯ ದಿನ ಹೆದರಿಕೆ ಹುಟ್ಟಿತು. ಅಡ್ಡೆಯಲ್ಲಿದ್ದ ಅತ್ಯುತ್ತಮ ಫರ್ಸಿಗಳನ್ನು ಆರಿಸಿ, ಮಾವನ ಗೋರಿಯ ಮೇಲೆ ಹಾಸಲೆಂದು ಲಾರಿಯಲ್ಲಿ ಕಳಿಸಿದೆ. ಕಲ್ಲಿನ ಕೆಲಸದವನು ಕಲ್ಲು ಕೊಟ್ಟರೆ ಲೆಕ್ಕ ಸರಿಹೋಯಿತೆಂದು ನಾನು ನಂಬಿದ್ದೆ. ಹನ್ನೊಂದನೆಯ ದಿನ ಹೋಗಿ, “ಮಾಲು ತುಂಬಿಸಲಿಕ್ಕಿ ವಾಡಿಗಿ ಹೋಗಿದ್ದೆ, ಸುದ್ದಿ ತಡಾಗಿ ಮುಟ್ಟಿತು,” ಎಂದೆ. ಅಕ್ಕ ಹೂಂ ಎಂದಳು. ಫರ್ಸಿಗಳು ಗೋಡೆಗೆ ಒರಗಿ ನಿಂತಿದ್ದವು. ಮುಂದಿನ ಸಲ ಹೋದಾಗ ಅವು ಬಚ್ಚಲಿನ ನೆಲವಾಗಿದ್ದವು. ಏಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಲವತ್ತೈದು ವರ್ಷ ಹಬ್ಬಕ್ಕೆ ಹೋದೆ, ಸೀರೆ ಕೊಟ್ಟೆ, ಆ ಬಚ್ಚಲಲ್ಲೇ ಕಾಲು ತೊಳೆದು ಬಂದೆ.

ಹೋದ ವರ್ಷ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರ ಗೆಳೆತನವಾಯಿತು. ಬೆಳಿಗ್ಗೆ ಇಬ್ಬರೂ ಶಹಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತೇವೆ. ಒಂದು ದಿನ ಅವರ ಇಂಗ್ಲಿಷ್ ಪತ್ರಿಕೆಯಲ್ಲಿ ‘ರೂಥ್‌ಲೆಸ್’ ಎಂಬ ಪದ ಕಂಡಿತು. ನಿರ್ದಯ ಎಂದು ಅರ್ಥ, ಅಷ್ಟು ನನಗೆ ಗೊತ್ತಿತ್ತು.

“ಮಾಸ್ತರ್ರ, ಹೋಮ್‌ಲೆಸ್ ಅಂದ್ರ ಮನಿ ಇಲ್ಲದವ. ಹಂಗಾದ್ರ ಇವನ ಕಡಿ ಇಲ್ಲದ ಆ ರೂಥ್ ಅಂದ್ರ ಏನ್ರಿ?” ಎಂದು ಕೇಳಿದೆ.

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. “ಯಜಮಾನ್ರ, ಮೂವತ್ತು ವರ್ಷ ಪಾಠ ಹೇಳೀನಿ, ಈ ಪ್ರಶ್ನಿ ಒಬ್ಬನೂ ಕೇಳಲಿಲ್ಲ ನೋಡ್ರಿ. ನಾಳಿ ಹೇಳ್ತೀನಿ, ನನಗೂ ಪೂರಾ ಗೊತ್ತಿಲ್ಲ.”

ಮರುದಿನ ದಪ್ಪ ನಿಘಂಟಿನಿಂದ ಬರೆದುಕೊಂಡು ಬಂದಿದ್ದರು. ರೂಥ್ ಎಂಬುದು ನೂರಾರು ವರ್ಷಗಳ ಹಿಂದೆ ಇಂಗ್ಲಿಷರ ದಿನಬಳಕೆಯ ಮಾತಾಗಿತ್ತಂತೆ. ಮೊದಲಿಗೆ ದುಃಖ ಎಂದು ಅರ್ಥ. ಅದರೊಳಗೇ ಎರಡು ಬಗೆ: ತಾನು ಮಾಡಿದ್ದಕ್ಕಾಗಿ ತಾನೇ ಬೇಯುವ ದುಃಖ ಒಂದು, ಇನ್ನೊಬ್ಬರ ನೋವು ಕಂಡು ಹುಟ್ಟುವ ದುಃಖ ಇನ್ನೊಂದು. ಎರಡಕ್ಕೂ ಅವರು ಒಂದೇ ಹೆಸರು ಇಟ್ಟಿದ್ದರು. ಕಾಲ ಹೋದಂತೆ ಜನ ಆ ಪದವನ್ನು ಬಿಟ್ಟರು. ಅದು ಇಲ್ಲದವನನ್ನು ಬೈಯುವ ಪದ ಮಾತ್ರ ಉಳಿಯಿತು.

“ಅಂಗಡ್ಯಾಗ ಮಾಲು ಖಾಲಿ ಆತು, ಬೋರ್ಡು ಉಳೀತು,” ಎಂದು ಮಾಸ್ತರರು ನಕ್ಕರು.

ನನಗೆ ನಗು ಬರಲಿಲ್ಲ. ನಲವತ್ತೈದು ವರ್ಷ ನಾನು ಬೆಂದಿದ್ದು ನಿಜ. ಆದರೆ ಬೆಂದದ್ದೆಲ್ಲ ನನ್ನ ಬಗ್ಗೆಯೇ: ನಾನು ಎಂಥವನಾದೆ, ಗೊತ್ತಾದರೆ ಜನ ಏನಂದಾರು, ಸುಳ್ಳು ಎಲ್ಲಿ ಬಯಲಾದೀತು. ಆ ದಿನ ಅಕ್ಕ ಹೇಗಿದ್ದಳು, ಯಾರು ಉಣ್ಣಿಸಿದರು, ಉಂಡಳೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಪದದ ಅರ್ಧ ಮಾತ್ರ ನನ್ನ ಬಳಿ ಇತ್ತು.

ಮರುದಿನವೇ ಹೊರಟೆ. ಈ ಸಲ ಸೀರೆ ಇಲ್ಲ, ಹಣ್ಣಿಲ್ಲ. ನಾನು ಸಕ್ಕರೆ ಕಾಯಿಲೆಯವನು, ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ಕಟ್ಟಿ ಚೀಲಕ್ಕೆ ಹಾಕಿದಳು. ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಸುಲೇಪೇಟದ ಬಸ್ಸು ಹಿಡಿದೆ. ಆ ದಿನ ನಾನು ಹಿಡಿಯಬೇಕಾಗಿದ್ದ ದಾರಿಯೇ ಇದು. ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಆಗ ಹೊರಟಿದ್ದರೆ ಸಂಜೆಯ ಮಣ್ಣಿಗೆ ಇನ್ನೂ ಎಷ್ಟೋ ಹೊತ್ತಿರುತ್ತಿತ್ತು.

ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. ಅವಳ ಸೊಸೆ ನೀರು ಕೊಟ್ಟು ಒಳಗೆ ಹೋದಳು. ನಾನು ತಡಮಾಡಲಿಲ್ಲ.

“ಅಕ್ಕಾ, ಮಾವ ಹೋದ ದಿನ ನಾ ವಾಡಿಗಿ ಹೋಗಿರಲಿಲ್ಲ. ಸುದ್ದಿ ಮುಂಜಾನಿನೇ ಮುಟ್ಟಿತ್ತು. ನಾನೇ ಬರಲಿಲ್ಲ.”

ಮೊರ ಆಡುತ್ತಲೇ ಇತ್ತು. “ಯಾಕ?”

“ಮದುವ್ಯಾಗ ಎಲ್ಲಾರ ಮುಂದ ಮೆಟ್ರಿಕ್ ಸಾಹೇಬ ಅಂದಿದ್ರಲ್ಲ, ಅದಕ್ಕ.”

ಈಗ ಮೊರ ನಿಂತಿತು. “ಅಷ್ಟಕ್ಕ?”

“ಅಷ್ಟಕ್ಕ.”

“ಖೋಡಿ! ಅವರು ಎಮ್ಮಿಗೂ ಒಂದು ಹೆಸರಿಟ್ಟು ಕರೀತಿದ್ರು. ಎಮ್ಮಿ ಸಿಟ್ಟಾತೇನು?”

ನಾನು ಕೇಳಬೇಕಾಗಿದ್ದನ್ನು ಕೇಳಿದೆ. “ಆವತ್ತ ನಿನಗ ಹ್ಯಾಂಗಾತು ಅಕ್ಕಾ?”

ಅವಳು ಮೊರ ಬದಿಗಿಟ್ಟಳು. “ಹ್ಯಾಂಗಾಗ್ತದಪ್ಪ. ತಮ್ಮ ಬರ್ತಾನ, ಬುತ್ತಿ ತರ್ತಾನ ಅಂತ ಎಲ್ಲಾರಿಗಿ ಹೇಳ್ಕೋತ ಕುಂತೆ. ಬಸ್ಸಿನ ಸಪ್ಪಳ ಆದಾಗೊಮ್ಮೆ ಬಾಗಲ ಕಡಿ ನೋಡ್ದೆ. ಯಾರು ಎಷ್ಟು ಹೇಳಿದ್ರೂ ಬಾಯಾಗ ನೀರು ಸೈತ ಹಾಕ್ಲಿಲ್ಲ. ಮರುದಿನ ಬಾಜು ಮನಿ ಮುದುಕಿ ಬಂದು, ನನ್ನೇ ನಿನ್ನ ತವರು ಅಂತ ತಿಳಕೋ ಮಗಳ ಅಂತ ತುತ್ತು ಇಟ್ಟಳು.”

ಆ ಮುದುಕಿ ತೀರಿ ಎಷ್ಟೋ ಕಾಲವಾಗಿದೆ. ನಾನು ಇಡಬೇಕಾಗಿದ್ದ ತುತ್ತನ್ನು ಇಟ್ಟವಳು ಆಕೆ. ಆಕೆಗೆ ನನ್ನ ಶರಣು.

“ಮೂರು ದಿನಕ್ಕ ನಿನ್ನ ಲಾರಿ ಬಂತು,” ಅಕ್ಕ ಮುಂದುವರಿಸಿದಳು. “ಮಣ್ಣು ಕೊಡಬೇಕಾದವ ಕಲ್ಲು ಕಳಿಸಿದಿ. ಅವರ ಮ್ಯಾಲ ಹೊರಸಲಿಕ್ಕಿ ಮನಸಾಗಲಿಲ್ಲ, ಬಚ್ಚಲಕ್ಕ ಹಾಕಿಸ್ದೆ. ಸುಳ್ಳ್ಯಾಕ ಹೇಳ್ಲಿ, ಕಲ್ಲು ಚಲೋ ಅದಾವ. ಇಲ್ಲೀತನಾ ಒಬ್ಬರೂ ಜಾರಿಲ್ಲ.”

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಕಣ್ಣು ಒರೆಸಿಕೊಳ್ಳುವಾಗ ಅವಳು ನನ್ನ ಚೀಲ ನೋಡಿದಳು.

“ಅದ್ರಾಗೇನದ?”

“ರೊಟ್ಟಿ. ನನಗಂತ ಕಟ್ಟ್ಯಾಳ.”

“ತೆಗಿ.”

ನಾನು ಗಂಟು ಬಿಚ್ಚಿದೆ. ಸೊಸೆ ಒಳಗಿನಿಂದ, ಅನ್ನ ಸಾರು ಬಿಸಿ ಇದೆ ಎಂದಳು. ಅಕ್ಕ ಬೇಡವೆಂದು ಕೈ ಆಡಿಸಿದಳು. ಹಲ್ಲಿಲ್ಲದ ಬಾಯಿಗೆ ತಣ್ಣಗಾದ ರೊಟ್ಟಿ ಗಟ್ಟಿ. ನಾನು ಚೂರು ಮಾಡಿ, ಪಲ್ಯದಲ್ಲಿ ನೆನೆಸಿ, ಒಂದೊಂದೇ ತುತ್ತು ಬಾಯಿಗೆ ಇಟ್ಟೆ. ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಒಂದು ರೊಟ್ಟಿ ಪೂರ್ತಿ ಉಂಡಳು.

ಆಮೇಲೆ ಕೋಲು ಹಿಡಿದು ಎದ್ದು ನನ್ನನ್ನು ಹೊಲಕ್ಕೆ ಕರೆದೊಯ್ದಳು. ಊರ ಹತ್ತಿರದ ಹೊಲ, ತೊಗರಿ ಸೊಂಟದೆತ್ತರ ಬೆಳೆದಿತ್ತು. ಬದುವಿನ ಪಕ್ಕದಲ್ಲಿ ಮಾವನ ಗೋರಿ, ಬರೀ ಮಣ್ಣಿನದು, ಪ್ರತಿವರ್ಷ ಅಕ್ಕ ಸಾರಿಸಿ ಉಳಿಸಿಕೊಂಡದ್ದು. ಅವಳು ಕೋಲಿನಿಂದ ಅದನ್ನು ಮೆಲ್ಲಗೆ ತಟ್ಟಿದಳು.

“ಕೇಳಿಸ್ತೇನ್ರಿ? ನಿಮ್ಮ ಮೆಟ್ರಿಕ್ ಸಾಹೇಬ ಬಂದಾನ. ಬಸ್ಸು ಜರಾ ಲೇಟಾತಂತ.”

ನಾನು ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ತೆಗೆದುಕೊಂಡು ಮಾವನಿಗೆ ಕೊಟ್ಟೆ. ಮೇಲೇಳಲು ಮೊಣಕಾಲು ಬಿಡಲಿಲ್ಲ. ಅಕ್ಕ ಕೈ ಕೊಟ್ಟು ಎಬ್ಬಿಸಿದಳು.