ಹಿತ್ತಲ ಕೋಣೆಯ ಎರಡು ಕಿಂಡಿ

ದಾಸನಕೊಪ್ಪದಲ್ಲಿ ಅನ್ನಪೂರ್ಣವ್ವನನ್ನು ಸೂಲಗಿತ್ತಿ ಎಂದು ಒಮ್ಮೆ ಕರೆದವರು ಎರಡನೆಯ ಸಲ ಕರೆಯುತ್ತಿರಲಿಲ್ಲ. "ನಾನು ಪರೀಕ್ಷಾ ಪಾಸಾದ ನರ್ಸು. ಹೇಳಾಕ ಬರದಿದ್ರ ಅನ್ನಪೂರ್ಣವ್ವ ಅನ್ರಿ, ಸಾಕು" ಎಂದು ಅವಳು ನಿಂತಲ್ಲೇ ತಿದ್ದುತ್ತಿದ್ದಳು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಕೊಂಡಾಗ ಮಾವ ಅವಳಿಗೆ ಅಡಿಗೆಮನೆಯ ಮೂಲೆ ತೋರಿಸಿದ್ದರು. ಅವಳು ಅಣ್ಣನ ಜೊತೆ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಹದಿನೆಂಟು ತಿಂಗಳು ಕಲಿತು, ಮುಂಬಯಿ ಸರಕಾರದ ಮೊಹರು ಬಿದ್ದ ಪ್ರಮಾಣಪತ್ರ ಹಿಡಿದುಕೊಂಡು ಅದೇ ಊರಿಗೆ ತಿರುಗಿ ಬಂದಳು. ರಾಜ್ಯ ಬದಲಾಗಿ ಊರು ಮೈಸೂರಿಗೆ ಸೇರಿದ ಮೇಲೂ ಆ ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿ ಅವಳಿಗೆ ಸಾಕಾಗಿತ್ತು. ಎಲ್ಲ ಮನೆಯಲ್ಲೂ ಒಂದೇ ಪದ್ಧತಿ. ಬಾಣಂತಿಯನ್ನು ಕತ್ತಲೆಯ ಕೋಣೆಗೆ ಹಾಕುವುದು, ಹೊರಗಿನ ಗಾಳಿ ತಗಲಬಾರದೆಂದು ಕಂಡ ಕಂಡ ಕಿಂಡಿಗೆಲ್ಲ ಹಳೇ ಸೀರೆ ತುರುಕುವುದು, ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು. ಹಾಗಾಗಿ ೧೯೫೯ರಲ್ಲಿ ತನ್ನ ಮನೆಯ ಹಿತ್ತಲಲ್ಲಿ, ಮಲ್ಲಿಗೆ ಗಿಡ ಮತ್ತು ಬದನೆ ಸಾಲಿನ ನಡುವೆ, ಒಂದು ಕೋಣೆ ಕಟ್ಟಿಸಿದಳು. ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಸಿಮೆಂಟಿನ ನೆಲ, ಗಾಜಿನ ಕಿಟಕಿ, ಹಲಗೆಯ ಮಾಳಿಗೆ. ಇನ್ನು ಮುಂದೆ ಬೇಕಾದವರು ಅಲ್ಲಿಗೇ ಬರಬೇಕೆಂದು ಸಾರಿದಳು. ಗೊಣಗಿಕೊಂಡೇ ಆದರೂ ಜನ ಬಂದರು.

ಮರುವರ್ಷದ ಪುಷ್ಯದಲ್ಲಿ ಅವಳಿಂದ ಒಂದು ತಪ್ಪು ನಡೆಯಿತು. ಬನವಾಸಿ ಕಡೆಯ ಒಬ್ಬ ಬಾಣಂತಿ ಚಳಿಗೆ ನಡುಗುತ್ತಿದ್ದಳು. ಬೇರೆ ಉಪಾಯ ಕಾಣದೆ ಅನ್ನಪೂರ್ಣವ್ವ ತಾನೇ ಕೆಂಡ ತಂದಿಟ್ಟು ಕಿಟಕಿ ಮುಚ್ಚಿದಳು. ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದ ವಿಷಾನಿಲ ಏಳುತ್ತದೆಂದು ಹುಬ್ಬಳ್ಳಿಯಲ್ಲಿ ಬರೆದುಕೊಂಡಿದ್ದವಳು ಅವಳೇ. ಗಂಟೆ ಬಿಟ್ಟು ಬಂದು ನೋಡಿದಾಗ ತಾಯಿಗೆ ಎಚ್ಚರವಿರಲಿಲ್ಲ, ಮಗುವಿನ ಕೈಕಾಲು ಜೋತಿದ್ದವು. ಇಬ್ಬರನ್ನೂ ಅಂಗಳಕ್ಕೆ ಎಳೆದು ಹಾಕಿದ ಮೇಲೆ ಉಸಿರು ತಿರುಗಿತು. ಇಬ್ಬರೂ ಬದುಕಿದರು. ಊರವರು ಅದನ್ನು ಪೀಡೆಯ ಕಾಟ ಎಂದರು. ಅನ್ನಪೂರ್ಣವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಮೌನ ಅವಳಿಗೆ ಹಿಡಿಸಲಿಲ್ಲ. ಮರುಗುವ ಬದಲು ಬೇಸಿಗೆಯಲ್ಲೇ ಮುಂದಿನ ಚಳಿಗಾಲದ ಕೆಲಸಕ್ಕೆ ಹತ್ತಿದಳು.

ಶಿರಸಿಗೆ ಹೋಗಿ ಅಂಗಡಿ ಸುತ್ತಿದಳು. ಒಬ್ಬ ಸೀಮೆಎಣ್ಣೆಯ ಹೀಟರ್ ತೋರಿಸಿದ. ಅದೂ ಕೋಣೆಯೊಳಗೇ ಉರಿಯುವ ಬೆಂಕಿ. ಬಾಣಂತಿಯ ಉಸಿರಿನಲ್ಲಿ ಅದೂ ಪಾಲು ಕೇಳುತ್ತದೆ. ಬೇಡವೆಂದಳು. ಇನ್ನೊಬ್ಬ ಕರೆಂಟಿನ ಹೀಟರ್ ತೋರಿಸಿ, "ಭಾಳ ಚೊಲೋ ಮಾಲು ಅಕ್ಕಾರ" ಎಂದ.

"ನಮ್ಮೂರಾಗ ಇನ್ನೂ ಕಂಬಾನ ನಟ್ಟಿಲ್ಲ."

"ಇವತ್ತಲ್ಲ ನಾಳೆ ನಡ್ತಾರ."

"ಹೆರಿಗಿ ನಾಳೆತನಕ ಕಾಯಂಗಿಲ್ಲ" ಎಂದು ಹೊರಬಿದ್ದಳು.

ಬಸ್ಸು ಕಾಯುತ್ತ ಚಹಾದಂಗಡಿಯ ಮುಂದೆ ನಿಂತಾಗ ಅಲ್ಲಿಯ ಹೊಟ್ಟಿನ ಒಲೆ ಕಣ್ಣಿಗೆ ಬಿತ್ತು. ಸಾ ಮಿಲ್ಲಿನ ಹೊಟ್ಟನ್ನು ಡಬ್ಬಿಯಲ್ಲಿ ಗಿಡಿದು ತುಂಬಿ, ನಡುವೆ ಕೊಳವೆಯಂತೆ ತೂತು ಬಿಟ್ಟು ಹೊತ್ತಿಸಿದ್ದರು. ಬೆಳಿಗ್ಗೆ ಹೊತ್ತಿಸಿದ್ದು ಮಧ್ಯಾಹ್ನವಾದರೂ ಒಂದೇ ಹದದಲ್ಲಿ ಕಾಯುತ್ತಿತ್ತು. ಯಾರೂ ಊದುವವರಿಲ್ಲ, ಸೌದೆ ದೂಡುವವರಿಲ್ಲ. ಅವಳು ಬಸ್ಸು ಬಿಟ್ಟಳು. ನೇರ ಮುನವ್ವರನ ತಗಡಿನ ಅಂಗಡಿಗೆ ನಡೆದಳು.

ಮುನವ್ವರ್ ಅರವತ್ತರ ಆಸುಪಾಸಿನವನು. ಕಂದೀಲು, ಬಕೀಟು, ಲಾಳಿಕೆ ಮಾಡುವುದರಲ್ಲಿ ಅವನನ್ನು ಮೀರಿಸುವವರು ಪೇಟೆಯಲ್ಲಿರಲಿಲ್ಲ. ಅನ್ನಪೂರ್ಣವ್ವ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದಳು.

"ಬೆಂಕಿ ಗ್ವಾಡಿ ಆಚಿಕಡೆ ಇರಬೇಕು. ಕಾವು ಈಚಿಕಡೆ ಬರಬೇಕು. ಹೊಗಿ ಒಂದೆಳಿ ಸೈತ ಒಳಗ ಬರಬಾರದು."

"ಅರೇ ಅಕ್ಕಾರ, ಮೂವತ್ತು ವರ್ಷ ತಗಡು ಬಡದೀನಿ. ಬೆಂಕಿ ಅಂಗಳದಾಗ ಇಟ್ಟು ಮನಿ ಕಾಸು ಅಂದಾಕಿ ನೀವ ಮೊದಲು."

"ಅಂದ್ರ ಮೂವತ್ತು ವರ್ಷ ಯಾರೂ ತಲಿ ಓಡಿಸಿಲ್ಲ ಅಂತಾತು. ಆಕ್ಕೈತೋ ಇಲ್ಲೋ?"

ಅವನು ಗಡ್ಡ ತುರಿಸಿಕೊಂಡ. ಡಾಂಬರಿನ ದೊಡ್ಡ ಪೀಪಾಯಿಯಲ್ಲೇ ಹೊಟ್ಟು ಉರಿಸೋಣ, ಕಾವು ದಂಡಿಯಾಗಿ ಬರುತ್ತದೆ ಎಂದ. ಅನ್ನಪೂರ್ಣವ್ವ ಒಪ್ಪಲಿಲ್ಲ. ಕೋಣೆ ಹತ್ತು-ಹನ್ನೆರಡಡಿಯದು, ಮಲಗುವುದು ಐದು ಪೌಂಡಿನ ಜೀವ, ಅಲ್ಲೇನು ಹಪ್ಪಳ ಸುಡಬೇಕಾಗಿಲ್ಲ ಎಂದಳು. ಕೊನೆಗೆ ಕಾರ್ಬೈಡ್ ತುಂಬಿ ಬರುವ ಸಣ್ಣ ತಗಡಿನ ಡ್ರಮ್ಮಿನಲ್ಲಿ ಹೊಟ್ಟು, ಅದರ ಸುತ್ತ ಕವಚವಾಗಿ ಡಾಂಬರಿನ ಪೀಪಾಯಿ ಎಂದು ಗೊತ್ತಾಯಿತು. ಹೊಗೆ ಒಳಗಿನ ಡ್ರಮ್ಮಿನಿಂದ ಬೇರೆ ಕೊಳವೆಯಲ್ಲಿ ಮಾಡಿನ ಮೇಲಕ್ಕೆ. ಎರಡರ ನಡುವಿನ ಗಾಳಿ ಕಾದು, ಮತ್ತೊಂದು ಕೊಳವೆಯಲ್ಲಿ ಗೋಡೆ ದಾಟಿ ಒಳಕ್ಕೆ. ಬೆಸುಗೆ ಹಾಕಿದರೆ ಬೆಂಕಿಗೆ ಕರಗುತ್ತದೆಂದು ಮುನವ್ವರ್ ಪ್ರತಿ ಜೋಡಣೆಯನ್ನೂ ಮಡಿಸಿ, ಕುಟ್ಟಿ, ರಿವೆಟ್ ಹೊಡೆದ.

ಕಾರ್ತಿಕದಲ್ಲಿ ಲಾರಿಯ ಮೇಲೆ ಸಾಮಾನು ಬಂತು. ಹಿತ್ತಲಲ್ಲಿ ಗೋಡೆಗೆ ಒತ್ತಿ, ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿ ಕಟ್ಟೆ ಕಟ್ಟಿ ಕೂರಿಸಿದರು. ಹೊಟ್ಟು ಹೊತ್ತಿಸಿದರು. ಪೀಪಾಯಿ ಮುಟ್ಟಲಾಗದಷ್ಟು ಕಾಯಿತು. ಒಳಗೆ ಹೋಗಿ, ಬಿಸಿಗಾಳಿಯ ಕೊಳವೆ ಗೋಡೆ ದಾಟಿ ಬಂದ ಕಿಂಡಿಗೆ ಕೈಯೊಡ್ಡಿದರೆ ಏನೂ ಇಲ್ಲ. ಗೋಡೆಯ ಉಷ್ಣಮಾಪಕ ಒಂದು ಗೆರೆಯೂ ಏರಲಿಲ್ಲ.

ಬೇಲಿಯಾಚೆ ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳು, "ಹಿತ್ತಲಾ ಬೆಚ್ಚಗಾತು. ಇನ್ನ ಬಾಣಂತೀನ್ನ ಬದ್ನಿಗಿಡದ ಬುಡಕ ಮಲಗಸ್ರಿ" ಎಂದಳು. ಎಲ್ಲರೂ ನಕ್ಕರು. ಅನ್ನಪೂರ್ಣವ್ವ ತಿರುಗಿ ನೋಡಲಿಲ್ಲ.

ಮುನವ್ವರ್ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಎದುರಿಗೆ ಸೀಮೆಎಣ್ಣೆಯ ಖಾಲಿ ಡಬ್ಬಿಯಿತ್ತು. ಅದನ್ನೇ ದಿಟ್ಟಿಸುತ್ತಿದ್ದವನು ಬೀಡಿಯನ್ನು ಅರ್ಧಕ್ಕೇ ಬಿಸಾಡಿದ.

"ಅಕ್ಕಾರ, ತಪ್ಪು ನಂದು. ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಗುಳುಕ್ ಗುಳುಕ್ ಅಂತ ನಿಂದರ್ತದ. ಎದುರಿಗೆ ಎರಡನೇದು ಹೊಡದ್ರ ಸರಾಗ ಬರ್ತದ. ಇದು ನಮ್ಮ ಅಂಗಡಿಯೊಳಗ ಮೊದಲನೇ ಪಾಠ. ನಿಮ್ಮ ಕೋಣಿನೂ ಡಬ್ಬಿನ. ಒಳಗಿನ ತಣ್ಣನ ಗಾಳಿ ಹೊರಗ ಹೋಗದ ಬಿಸಿದು ಎಲ್ಲಿ ಹೊಗಬೇಕು?"

ಅನ್ನಪೂರ್ಣವ್ವ ಗೋಡೆಯ ಬುಡಕ್ಕೆ ಬೆರಳು ತೋರಿಸಿದಳು. "ಹೊರಗ ಬ್ಯಾಡ. ಹೊರಗ ಬಿಟ್ರ ಕಾಸಿದ್ದೆಲ್ಲ ಹಿತ್ತಲಪಾಲು. ಆ ತಣ್ಣನ ಗಾಳಿನ್ನ ತಿರುಗಿ ಪೀಪಾಯಿ ಬುಡಕ್ಕ ಒಯ್ದು ಬಿಡ್ರಿ. ಅದ ಕಾದು ಮ್ಯಾಲ ಬರಲಿ."

ಅದೇ ಗೋಡೆಯಲ್ಲಿ, ನೆಲಕ್ಕೆ ಹತ್ತಿ, ಎರಡನೆಯ ಕಿಂಡಿ ಕೊರೆದು, ಅಲ್ಲಿಂದ ಪೀಪಾಯಿಯ ಬುಡಕ್ಕೆ ಕೊಳವೆ ಜೋಡಿಸಿದರು. ಕೆಳಗಿನ ಕಿಂಡಿ ತಂಪನ್ನು ಎಳೆದುಕೊಳ್ಳಬೇಕು, ಮೇಲಿನದು ಕಾವನ್ನು ಕೊಡಬೇಕು. ಸಂಜೆಯ ಹೊತ್ತಿಗೆ ಉಷ್ಣಮಾಪಕ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬೇಲಿಯಾಚೆ ಯಾರೂ ಇರಲಿಲ್ಲ. ಕೆಲಸ ಕೈಗೂಡುವ ಹೊತ್ತಿಗೆ ನೋಡುವವರು ಇರುವುದು ಕಡಿಮೆ.

ಪುಷ್ಯದಲ್ಲಿ ಜಯಾ ಬಂದಳು. ಅವಳ ತಾಯಿ ಪಾರ್ವತವ್ವ ಊರಿಗೇ ದೊಡ್ಡ ಹೊಲಮನೆಯ ಹೆಂಗಸು. ಅವಳು ಬೇಡವೆಂದ ಕೋಣೆಗೆ ಊರಿನ ಬೇರೆ ತಾಯಂದಿರೂ ಮಗಳನ್ನು ಕಳಿಸುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು ಆಕೆ ಖಡಾಖಂಡಿತವಾಗಿ ಹೇಳಿದಳು: "ನನ್ನ ಮಗಳಿಗೆ ಒಂದೀಟು ಥಂಡಿ ಹತ್ತಲಿ, ಆ ಕ್ಷಣಾನ ಮನಿಗೆ ಕರಕೊಂಡು ಹೊಕ್ಕೀನಿ. ನಮ್ಮ ಕೋಣ್ಯಾಗ ಅಗ್ಗಿಷ್ಟಿಗಿ ಐತಿ." ಆ ಕೋಣೆಗೆ ಕಿಟಕಿಯೇ ಇಲ್ಲವೆಂಬುದು ಅನ್ನಪೂರ್ಣವ್ವನಿಗೆ ಗೊತ್ತಿತ್ತು. ಜಯಾ ಸಣಕಲು ಹುಡುಗಿ, ಚೊಚ್ಚಲ ಹೆರಿಗೆ. ಮಂಗಳವಾರ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ತೂಕ ಐದು ಪೌಂಡಿಗೂ ಕಡಿಮೆ. ಪಾರ್ವತವ್ವನ ಕತ್ತಲೆಯ ಕೋಣೆಯಲ್ಲಿ ಇಂಥ ಕೂಸು ಎಷ್ಟು ದಿನ ಬಾಳೀತೆಂದು ಅನ್ನಪೂರ್ಣವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಉತ್ತರ ಸರಿಬರಲಿಲ್ಲ.

ಮೂರನೆಯ ದಿನ ಬೆಳಕು ಹರಿಯುವಾಗ ಹೊಟ್ಟು ತುಂಬಲು ಹೋದರೆ ಪೀಪಾಯಿ ಎಂದಿಲ್ಲದಷ್ಟು ಕಾದಿತ್ತು. ಒಳಗೆ ಬಂದಳು. ಉಷ್ಣಮಾಪಕ ಅರವತ್ತಾರಕ್ಕೆ ಇಳಿದಿತ್ತು. ಕೆಳಗಿನ ಕಿಂಡಿಯಲ್ಲಿ ಹಳೇ ಇಳಕಲ್ ಸೀರೆ ಗಟ್ಟಿಯಾಗಿ ತುರುಕಿಸಿಕೊಂಡು ಕೂತಿತ್ತು. ಹೊರಸಿನ ಕೆಳಗೆ ಪಾರ್ವತವ್ವನ ಮನೆಯ ಅಗ್ಗಿಷ್ಟಿಕೆ, ಕೆಂಡ ನಿಗಿನಿಗಿ. ಕಿಟಕಿ ಭದ್ರ.

"ಅಕ್ಕಾರ, ತಲಿ ಸಿಡ್ಯಾಕ ಹತ್ತೇತಿ" ಎಂದಳು ಜಯಾ.

ಅನ್ನಪೂರ್ಣವ್ವ ಕಿಟಕಿ ಬಾಗಿಲು ತೆರೆದು, ಸೆರಗು ಸುತ್ತಿದ ಕೈಯಿಂದ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎಳೆದಳು. ಮಗುವನ್ನು ಎತ್ತಿ ಅಂಗಾಲಿಗೆ ತಟ್ಟಿದಳು. ಅದು ಅತ್ತಿತು. ಆಮೇಲೆ ಸೀರೆ ಕಿತ್ತೆಳೆದಳು. ಅಷ್ಟರಲ್ಲಿ ಬಚ್ಚಲಿನಿಂದ ಪಾರ್ವತವ್ವ ಬಂದಳು.

"ಏನ್ ಮಾಡಾಕ ಹತ್ತೀರಿ? ಹಸಿ ಬಾಣಂತಿಗೆ ಗಾಳಿ ಬಿಡ್ತೀರೇನು? ಆ ತೂತಿನ್ಯಾಗಿಂದ ಕಾಲಿಗೆ ಸುಳುಸುಳು ಗಾಳಿ ಬಡೀತಿತ್ತು, ಮುಚ್ಚೀನಿ. ಮುಚ್ಚಿದ ಮ್ಯಾಲ ನಿಮ್ಮ ಮ್ಯಾಲಿನ ಕಿಂಡಿನೂ ತಣ್ಣಗಾತು. ಅದಕ್ಕ ಕೆಂಡ ತರಿಸಿದೆ. ಏಳ ಜಯಾ, ಮನಿಗೆ ನಡಿ."

"ಹೋಗೂದಾದ್ರ ಹೋಗ್ರಿ. ಒಂದು ಮಾತು ಕೇಳಿ ಹೋಗ್ರಿ" ಎಂದಳು ಅನ್ನಪೂರ್ಣವ್ವ. "ಹ್ವಾದ ವರ್ಷ ಇಲ್ಲಿ ಬಾಣಂತಿ ಮೂರ್ಛೆ ಬಿದ್ದಳಲ್ಲ, ಅದು ಪೀಡೆ ಅಲ್ಲ. ಕೆಂಡ ಇಟ್ಟು ಕಿಟಕಿ ಮುಚ್ಚಿದಾಕಿ ನಾನು. ಕಲತಾಕಿ ಆಗಿ ಮಾಡೀನಿ. ಇವತ್ತ ನೀವು ಮಾಡಿದ್ದೂ ಅದನ. ಇನ್ನೊಂದು ತಾಸು ತಡ ಮಾಡಿದ್ರ ನಿಮ್ಮ ಮಗಳಿಗೆ ತಲಿನೋವು ಅಂತ ಹೇಳಾಕ ಎಚ್ಚರ ಇರ್ತಿರಲಿಲ್ಲ."

ಪಾರ್ವತವ್ವ ಅಂಗಳದಲ್ಲಿದ್ದ ತನ್ನ ಅಗ್ಗಿಷ್ಟಿಕೆಯತ್ತ ನೋಡಿದಳು. ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವವರನ್ನು ಆಕೆ ಹೆಚ್ಚು ಕಂಡವಳಲ್ಲ.

"ಆದ್ರ ಆ ಗಾಳಿ?" ಎಂದಳು.

ಮಗುವಿನ ತಲೆಗೂದಲಿಗೆ ಹಿಡಿಯಲೆಂದು ಪಾರ್ವತವ್ವನೇ ತಂದಿದ್ದ ಧೂಪದ ಲೋಬಾನ ಗೋಡೆಯ ಗೂಡಿನಲ್ಲಿತ್ತು. ಅನ್ನಪೂರ್ಣವ್ವ ಬಾಗಿಲು ಕಿಟಕಿ ಮುಚ್ಚಿ, ಅಂಗಳದಿಂದ ಸೌಟಿನಲ್ಲಿ ತಂದ ಒಂದೇ ಕೆಂಡದ ಮೇಲೆ ಚಿಟಿಕೆ ಲೋಬಾನ ಉದುರಿಸಿ ಕೆಳಗಿನ ಕಿಂಡಿಗೆ ಹಿಡಿದಳು. ಬಿಳಿ ಹೊಗೆ ಬಾಗಿ, ಹಗ್ಗ ಎಳೆದಂತೆ ಒಳಕ್ಕೆ ಹೋಯಿತು.

"ಈಗ ಮ್ಯಾಲಿನ ಕಿಂಡಿಗೆ ಮುಖ ಒಡ್ರಿ."

ಪಾರ್ವತವ್ವ ಒಡ್ಡಿದಳು. ತುಸು ಹೊತ್ತಿಗೆ ಬೆಚ್ಚನೆಯ ಗಾಳಿಯ ಜೊತೆ ಲೋಬಾನದ ಘಮ ಬಂತು. ಆಕೆ ಬಗ್ಗಿ ಕೆಳಗೆ ನೋಡಿದಳು, ಎದ್ದು ಮೇಲೆ ನೋಡಿದಳು.

"ಹ್ವಾದದ್ದ ಬಂತಲ್ಲ!"

"ಹೂಂ. ಹೊರಗಿನ ಗಾಳಿ ಅಲ್ಲದು. ನಿಮ್ಮ ಮಗಳು ಬಿಟ್ಟ ಗಾಳಿನ ಬೆಚ್ಚಗಾಗಿ ತಿರುಗಿ ಬರ್ತದ. ಹೋಗು ದಾರಿ ಮುಚ್ಚಿದ್ರ ಬರೂದಿಲ್ಲ. ಕಾಲಿಗೆ ಸುಳಿಗಾಳಿ ಬಡದದ್ದು ಖರೇನ, ಅದು ನನ್ನ ತಪ್ಪು. ಹೊರಸು ಆ ಕಡೆ ಸರಿಸ್ತೀನಿ."

ಹೊರಸನ್ನು ಇಬ್ಬರೂ ಸೇರಿ ಎದುರು ಗೋಡೆಗೆ ಸರಿಸಿದರು. ಉಷ್ಣಮಾಪಕ ಎಪ್ಪತ್ತು ದಾಟಿದ್ದನ್ನು ಪಾರ್ವತವ್ವ ಎರಡು ಸಲ ಹೋಗಿ ನೋಡಿದಳು. ಮನೆಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ವಿಭೂತಿ ತಂದು ಎರಡೂ ಕಿಂಡಿಯ ಮೇಲೆ ಮೂರು ಮೂರು ಗೆರೆ ಎಳೆದಳು. ತಗಡಿಗೆ ಅದರಿಂದ ಕೇಡಿಲ್ಲವೆಂದು ಅನ್ನಪೂರ್ಣವ್ವ ಬಿಟ್ಟಳು.

ಜಯಾ ಹದಿನೈದು ದಿನ ಅಲ್ಲಿದ್ದಳು. ಹೋಗುವಾಗ ಮಗು ಅರ್ಧ ಪೌಂಡು ಹೆಚ್ಚಿಗೆ ತೂಗಿತು.

ಮಾಘದಲ್ಲಿ ಇನ್ನೊಂದು ಹೆರಿಗೆ ಬಂತು. ಆ ಬಾಣಂತಿಯ ತಾಯಿಯೂ ಮೊದಲ ದಿನವೇ ಮಡಿಚಿದ ಕೌದಿ ಹಿಡಿದು ಕೆಳಗಿನ ಕಿಂಡಿಯ ಮುಂದೆ ಕುಕ್ಕರಿಸಿದಳು. ಅನ್ನಪೂರ್ಣವ್ವ ಬಾಯಿ ತೆರೆಯುವ ಮೊದಲೇ, ಮಾತಾಡಿಸಲು ಬಂದಿದ್ದ ಪಾರ್ವತವ್ವ ಬಾಗಿಲಿನಿಂದಲೇ ಕೂಗಿದಳು:

"ಏ ಯವ್ವಾ, ಕೌದಿ ತಗಿ! ತಿಳೀದಿದ್ರ ಕೇಳಬೇಕು. ಅದು ಗಾಳಿ ಹೋಗೂ ದಾರಿ. ಲೋಬಾನ ಐತೇನು? ತಾ ಇಲ್ಲಿ, ತೋರಿಸ್ತೀನಿ."

ಅನ್ನಪೂರ್ಣವ್ವ ಕೈ ತೊಳೆಯಲು ಹೊರಗೆ ಹೋದಳು.