ಹೊಸ ಲಾರಿಗೆ ಮುಪ್ಪು ಬರಿಸುವವನು

“ಅಮ್ಮಾ, ಪೇಂಟರ್ ಮಾಮ ಹೊಸ ಲಾರಿಗೆ ಯಾಕೆ ಹೊಡೀತಿದಾನೆ? ಅದೇನು ತಪ್ಪು ಮಾಡ್ತು?”

ಮಹಡಿಯ ಕಿಟಕಿಗೆ ಮೂಗು ಒತ್ತಿಕೊಂಡು ಮಗಳು ಕೇಳಿದಳು. ಕೆಳಗಿನ ಶೆಡ್ಡಿನಲ್ಲಿ ಪೇಂಟರ್ ಸೈಕಲ್ ಚೈನನ್ನು ಕೈಗೆ ಸುತ್ತಿಕೊಂಡು, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದ ಲಾರಿಯ ಬಾಗಿಲಿಗೆ ಬಾರಿಸುತ್ತಿದ್ದ. “ಅದಕ್ಕೆ ವಯಸ್ಸು ಮಾಡ್ತಿದಾರೆ ಕಂದಾ,” ಎಂದಳು ತಾಯಿ. ಹೇಳಿದ್ದು ತನಗೇ ಅರ್ಥವಾಗದೆ ಮತ್ತೆ ಬಟ್ಟೆ ಹಿಂಡತೊಡಗಿದಳು.

ಪೇಂಟರಿಗೂ ಅದು ಬೇಗ ಅರ್ಥವಾಗಿರಲಿಲ್ಲ. ಹರೆಯವೆಲ್ಲ ತುಕ್ಕಿನ ಜೊತೆ ಹೊಡೆದಾಡಿದವನು ಅವನು. ನಜ್ಜುಗುಜ್ಜಾದ ಬಾನೆಟ್ಟನ್ನು ಅವನು ಸವರಿ ಕಳಿಸಿದರೆ ಪೆಟ್ಟು ಎಲ್ಲಿ ಬಿದ್ದಿತ್ತೆಂದು ಮಾಲೀಕನಿಗೇ ಗೊತ್ತಾಗುತ್ತಿರಲಿಲ್ಲ. ಅವನ ದುರದೃಷ್ಟವೂ ಅದೇ. ಕೆಲಸ ಚೆನ್ನಾದಷ್ಟೂ ಅದನ್ನು ಮಾಡಿದವನೊಬ್ಬ ಇದ್ದಾನೆಂಬುದೇ ಮರೆತುಹೋಗುತ್ತಿತ್ತು.

ಈಗ ಎಲ್ಲ ತಲೆಕೆಳಗು. ಗಾಡಿ ಹಳೆಯದಾಗಿ ಕಾಣುವುದೇ ಈಗಿನ ಷೋಕಿ. ಹೊಸ ಲಾರಿ ಕೊಂಡವರು ಷೋರೂಮಿನಿಂದ ನೇರ ಅವನಲ್ಲಿಗೇ ಬರುತ್ತಾರೆ: “ಅಣ್ಣಾ, ಅಜ್ಜನ ಕಾಲದ್ದು ಅನ್ನೋ ಹಾಗೆ ಮಾಡ್ಕೊಡಿ.” ಅವನು ಉಪ್ಪುನೀರು ಸಿಂಪಡಿಸಿ ತುಕ್ಕು ಬರಿಸುತ್ತಾನೆ, ಉಜ್ಜಿ ಉಜ್ಜಿ ಬಣ್ಣ ಸವೆಸುತ್ತಾನೆ, ಕೊನೆಗೆ ತುಕ್ಕಿಗೆ ತುಕ್ಕು ಹಿಡಿಯದಿರಲೆಂದು ಮೇಲೊಂದು ವಾರ್ನಿಷ್ ಬಳಿಯುತ್ತಾನೆ. ಅದು ಒಣಗುವ ತನಕ ಶೆಡ್ಡಿನಲ್ಲಿ ಯಾರೂ ಕಸ ಗುಡಿಸುವಂತಿಲ್ಲ. ಧೂಳಿನಂತೆ ಬಳಿದ ಬಣ್ಣದ ಮೇಲೆ ನಿಜವಾದ ಧೂಳು ಕೂತರೆ ಕೆಲಸ ಕೆಟ್ಟಿತು.

“ನನ್ನ ಮುಖಕ್ಕೆ ಇದನ್ನೆಲ್ಲ ಪುಕ್ಕಟೆ ಮಾಡ್ಕೊಟ್ರಲ್ಲ, ಲಾರಿಯವರ ಹತ್ರ ಮಾತ್ರ ಕಾಸು ತಗೋತೀರಾ?” ಎಂದು ಹೆಂಡತಿ ಕಿಚಾಯಿಸುತ್ತಾಳೆ.

ಚೈನಿನ ಏಟು ತಿಂದ ಈ ಲಾರಿ ಮಾತ್ರ ಪ್ರದರ್ಶನಕ್ಕೆ ಹೋಗುವಂಥದ್ದು. ಪಕ್ಕದಲ್ಲಿ ಫಲಕ ನಿಲ್ಲಿಸಿ ಪೇಂಟರನ ಹೆಸರು ಬರೆಸುವುದಾಗಿ ಮಾಲೀಕ ಮಾತು ಕೊಟ್ಟಿದ್ದ. ತನ್ನ ಹೆಸರು, ದಪ್ಪಕ್ಷರದಲ್ಲಿ! ಅಂದಿನಿಂದ ಪೇಂಟರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಮಾಲೀಕ ಎರಡು ಸಲ ಬಂದು ನೋಡಿ ಎರಡು ಸಲವೂ ಮುಖ ಸಿಂಡರಿಸಿದ. “ಹೊರಗಡೆ ಅಜ್ಜ ಇದಾನೆ ಅಣ್ಣಾ, ಒಳಗಡೆ ಮೊಮ್ಮಕ್ಕಳೇ ಇಲ್ಲ. ಮೂರು ತಲೆಮಾರು ಓಡಾಡಿದ ಲಾರೀಲಿ ಒಂದು ಮಗುನೂ ಡ್ಯಾಶ್‌ಬೋರ್ಡಿಗೆ ಒದ್ದಿಲ್ವಾ? ನಾಡಿದ್ದು ಬರ್ತೀನಿ. ಆಗ್ಲೂ ಹೀಗೇ ಇದ್ರೆ ಬೇರೆಯವರಿಗೆ ಕೊಡ್ತೀನಿ. ಫಲಕದಲ್ಲಿ ಹೆಸರೂ ಅವರದ್ದೇ.”

ಪೇಂಟರ್ ಚಪ್ಪಲಿಗೆ ಮಸಿ ಹಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಒತ್ತಿದ. ಕಚೇರಿಯಲ್ಲಿ ಮೊಹರು ಹಾಕಿದ ಹಾಗಿತ್ತು. ಒರೆಸಿದ. ತಾನೇ ಸೀಟಿನಲ್ಲಿ ಕೂತು, ಕೆನ್ನೆ ಉಬ್ಬಿಸಿ, ಹಟ ಬರಿಸಿಕೊಂಡು ಒದ್ದ. ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳ ಕಳಚಿ ಮಡಿಲಿಗೆ ಬಿತ್ತು.

“ಅಳಬೇಡ ಪುಟ್ಟಾ, ಇನ್ನೇನು ಮನೆ ಬಂತು!” ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ನಗು ಬರಲಿಲ್ಲ. ಊಟಕ್ಕೆ ಹೋದಾಗ, ತಮ್ಮಿಬ್ಬರದೇ ಮನೆಯಲ್ಲಿ ಗೋಡೆಯ ಬುಡ ಒಂದು ಗೀರೂ ಇಲ್ಲದೆ ಎಷ್ಟು ಚೊಕ್ಕಟವಾಗಿದೆ ಎಂಬುದನ್ನು ಅವನು ಅಂದೇ ಮೊದಲು ಗಮನಿಸಿದ್ದು.

ಸಂಜೆ ಮಹಡಿ ಹತ್ತಿದ. ಬಾಗಿಲು ತೆರೆದ ತಾಯಿಯ ಹಿಂದೆ ಗೋಡೆಯುದ್ದಕ್ಕೂ ಪುಟ್ಟ ಶೂಗಳ ಕಪ್ಪು ಗೀರುಗಳು, ಒಂದರಂತೆ ಇನ್ನೊಂದಿಲ್ಲ. ಅವನು ಆಸೆಗಣ್ಣಿನಿಂದ ನೋಡುತ್ತಲೇ ನಿಂತ.

“ಅಯ್ಯೋ, ಅದನ್ನ ನೋಡ್ಬೇಡಿ, ಎಷ್ಟು ಹೇಳಿದ್ರೂ ಕೇಳಲ್ಲ ಇವಳು,” ಎಂದು ಅವಳು ನಾಚಿಕೊಂಡಳು.

“ಎಂಥ ಕೆಲಸ ಅಮ್ಮಾ! ಇಷ್ಟು ವರ್ಷದ ಅನುಭವ ನಂದು, ನನ್ನ ಕೈಲಿ ಆಗ್ಲಿಲ್ಲ.” ಅವನು ಟೋಪಿ ತೆಗೆದು ಕೈಯಲ್ಲಿ ಮುದ್ದೆ ಮಾಡಿದ. “ನಾಳೆ ಒಂದು ಸ್ವಲ್ಪ ಹೊತ್ತು ಮಗೂನ ಲಾರೀಲಿ ಕೂರಿಸ್ತೀಯಾ? ನೀನೂ ಜೊತೆಗೆ ಬಾ. ಶೂ ಹಾಕಿಯೇ ಕರ್ಕೊಂಡು ಬಾ. ಆಮೇಲೆ, ಒದೀಬೇಡ ಅಂತ ಮಾತ್ರ ಹೇಳ್ಬೇಡಮ್ಮ.”