ದಂಡಿ ಕಾಯುವ ಆಶಾಬಿ

ಬೆಳಗಿನ ಐದೂವರೆ. ತಿಕೋಟಾ ರಸ್ತೆ ಪಕ್ಕದ ಗಾಲ್ಫ್ ಮೈದಾನದಲ್ಲಿ ಆಶಾಬಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಹೊಂಡದೊಳಗೆ ನಿಂತಿದ್ದಾರೆ. ನಿನ್ನೆ ಕಾಲುವೆಗೆ ನೀರು ಬಿಟ್ಟಿದ್ದರಿಂದ ಹೊಂಡ ತುಂಬಿ, ದಂಡೆಗುಂಟ ನೆಟ್ಟಿದ್ದ ಕೆಂಪು ಗೂಟಗಳೆಲ್ಲ ಈಗ ನೀರೊಳಗೆ ನಿಂತಿವೆ. ಏಳಕ್ಕೆ ಫೈನಲ್ ಆಟ. ಅಷ್ಟರೊಳಗೆ ಮೂವತ್ತನಾಲ್ಕೂ ಗೂಟ ಕಿತ್ತು ಹೊಸ ದಂಡೆಗೆ ನೆಡಬೇಕು. ಒಂದು ಗೂಟ ಮಾರು ದೂರ ತಪ್ಪಿದರೂ ಯಾರದೋ ಆಟ ಕೆಡುತ್ತದೆಂಬ ದಿಗಿಲಿಗೆ ಪ್ರತಿ ಗೂಟವನ್ನೂ ಎರಡೆರಡು ಸಲ ನೋಡಿ ನೆಡುತ್ತಿದ್ದಾರೆ.

ನಿಡೋಣಿಯಲ್ಲಿ ಹುಟ್ಟಿ, ಗೋಳಗುಮ್ಮಟದ ಹಿಂದಿನ ಓಣಿಗೆ ಸೊಸೆಯಾಗಿ ಬಂದ ಆಶಾಬಿಗೆ ಈಗ ಐವತ್ತೆರಡು. ಒಂಬತ್ತು ವರ್ಷದ ಹಿಂದೆ ಹುಲ್ಲು ಕತ್ತರಿಸಲು ಸೇರಿದವರು. ಬರಬರುತ್ತ ಹೊಂಡದ ಕಾವಲೂ ಇವರ ಪಾಲಿಗೆ ಬಂತು. ನೀರಿಗೆ ಹೋಗುವ ಚೆಂಡಿನ ಮೇಲೆ ಕಣ್ಣಿಡುವುದೇ ಆ ಕೆಲಸ. ನಿಯಮ ಕಲಿಸಿದ್ದು ಪಂದ್ಯ ನಡೆಸುವ ನಿವೃತ್ತ ಉಪನ್ಯಾಸಕ ವಿದ್ಯಾಧೀಶ.

"ದಂಡಿ ದಾಟಿದ್ರ ದಂಡ, ಇಷ್ಟ ನೆನಪಿಡ್ರಿ ಅಂದ್ರು. ದಂಡ ಅಂದ್ರ ರೊಕ್ಕ ಅಲ್ಲಂತ್ರಿ, ಲೆಕ್ಕಕ್ಕ ಒಂದು ಹೊಡತ ಹೆಚ್ಚಂತ," ಎಂದು ಆಶಾಬಿ ನಗುತ್ತಾರೆ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಆಟ ಇದು. ಹಾಗೆ ದಂಡ ಹೊತ್ತ ಆಟಗಾರರು, ಚೆಂಡು ಕೆಂಪು ಗೂಟದ ಸಾಲು ದಾಟಿದ ಜಾಗದ ಹತ್ತಿರದಿಂದ ಮತ್ತೆ ಆಡಬಹುದು.

ಹೋದ ವರ್ಷದ ಮಾತು ಬಂದರೆ ಆ ನಗು ಮಾಯ. ಸ್ಟೇಷನ್ ರಸ್ತೆಯ ದಂತವೈದ್ಯೆ ಪ್ರಾಚಿ ಹೊಡೆದ ಚೆಂಡು ನೀರಿಗೆ ಹೋಗಿತ್ತು. ಎಲ್ಲಿ ಎಂದು ಕೇಳಿದಾಗ ಆಶಾಬಿ ಗಾಬರಿಯಲ್ಲಿ, ದಾಟಿದ ಜಾಗ ಬಿಟ್ಟು ಬಿದ್ದ ಜಾಗ ತೋರಿಸಿದರು. ಪ್ರಾಚಿ ಅದರ ನೇರಕ್ಕೆ ನಿಂತು ಆಡಿದರು. ತಪ್ಪು ಜಾಗವೆಂದು ಇನ್ನೆರಡು ಹೊಡೆತ ದಂಡ ಬಿತ್ತು, ಒಂದೇ ಹೊಡೆತದ ಅಂತರದಲ್ಲಿ ಕಪ್ ಕೈತಪ್ಪಿತು.

"ಯಾರೂ ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ವರ್ಷಾತು, ಉಂಡಿದ್ದು ಮೈಗೆ ಹತ್ತಿಲ್ಲ."

ಇಂದೂ ಎಂಟನೇ ಕುಳಿಯ ಹತ್ತಿರ ಪ್ರಾಚಿಯ ಚೆಂಡೇ ನೀರಿಗೆ ಹೋಗುತ್ತದೆ. ಎಲ್ಲರೂ ಆಶಾಬಿಯತ್ತ ತಿರುಗುತ್ತಾರೆ. ಅವರು ಚೆಂಡು ಬಿದ್ದ ಕಡೆ ನೋಡುವುದೇ ಇಲ್ಲ. ನಲವತ್ತು ಹೆಜ್ಜೆ ಹಿಂದಕ್ಕೆ ನಡೆದು ಒಂದು ಗೂಟ ಹಿಡಿದು ನಿಲ್ಲುತ್ತಾರೆ.

"ಇಲ್ಲೇ ದಾಟೇತ್ರಿ."

"ಅಷ್ಟು ಹಿಂದ, ಆಪಾ?" ಪ್ರಾಚಿಯ ದನಿ ಇಳಿಯುತ್ತದೆ.

"ಹೌದ್ರಿ ಮೇಡಮ್ಮಾರ. ಇಲ್ಲೇ."

ಪ್ರಾಚಿಗೆ ಕಪ್ ಈ ಸಲವೂ ಒಂದೇ ಹೊಡೆತದ ಅಂತರದಲ್ಲಿ ತಪ್ಪುತ್ತದೆ. ಆಟ ಮುಗಿಸಿ ಬಂದ ಪ್ರಾಚಿ ಆಶಾಬಿಯ ಕೆಸರುಗೈ ಹಿಡಿದುಕೊಳ್ಳುತ್ತಾರೆ. "ಹೋದ ವರ್ಷ ನಿಮ್ಮಿಂದ ಸೋತಿದ್ನಿ, ಆಪಾ. ಈ ವರ್ಷ ನನ್ನಿಂದನ ಸೋತೇನಿ."

ಆಶಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಗೂಟ ಎಣಿಸಲು ಹೊರಡುತ್ತಾರೆ.

"ಬಿದ್ದಿದ್ದು ಎಲ್ಲಾರಿಗೂ ಕಾಣತೈತ್ರಿ. ದಾಟಿದ್ದು ನಾನ ನೋಡಬೇಕು."